ಹೈದರಾಬಾದಿನಲ್ಲಿ ಒಳ್ಳೆ ಡಬಲ್ ಕಾ ಮೀಠಾ ಹುಡುಕಿ ತಿನ್ನುವುದು ಹೇಗೆ

ಹೈದರಾಬಾದಿಗೆ ಹೊರಟವರು ಬಿರಿಯಾನಿ ಎಲ್ಲಿ ಚೆನ್ನಾಗಿರುತ್ತದೆ ಎಂದು ಹತ್ತು ಜನರನ್ನು ಕೇಳಿಕೊಂಡೇ ಹೋಗುತ್ತಾರೆ. ಕೊನೆಗೆ ತಿನ್ನುವ ಸಿಹಿಯ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ಹೊಟ್ಟೆ ಬಿರಿಯುವಷ್ಟು ತಿಂದಾದ ಮೇಲೆ ಸಪ್ಲೈಯರು 'ಮೀಠಾ ಏನಾದರೂ?' ಅಂದಾಗ ಡಬಲ್ ಕಾ ಮೀಠಾ ಅನ್ನುವುದು, ಫ್ರಿಜ್ಜಿನಿಂದ ಬಂದ ತಣ್ಣನೆಯ ಕಿತ್ತಳೆ ಬಣ್ಣದ ಮುದ್ದೆಯನ್ನು ಎರಡು ಚಮಚ ತಿಂದು 'ಅಬ್ಬಾ, ಏನು ಸಿಹಿ' ಎಂದು ಬಟ್ಟಲು ಸರಿಸುವುದು. ಬ್ರೆಡ್ಡು, ತುಪ್ಪ, ಹಾಲು, ಸಕ್ಕರೆಯಿಂದ ಆಗುವ ಸಿಹಿಗಳಲ್ಲಿ ಇದಕ್ಕೆ ಸಮನಾದದ್ದು ಕಡಿಮೆ. ಆದರೆ ಅದನ್ನು ಸರಿಯಾಗಿ ತಿಂದವರೂ ಕಡಿಮೆ.

ಹುಡುಕುವವರು ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಬೇಕು. ಇಲ್ಲಿ ಹೋಟೆಲಿನ ಹೆಸರಿಗಿಂತ ಟ್ರೇ ಎಷ್ಟು ಹೊತ್ತಿಗೆ ಬಂತು ಎನ್ನುವುದು ದೊಡ್ಡದು. ಒಂದೇ ಅಡುಗೆಮನೆಯ ಮೀಠಾ ಮಧ್ಯಾಹ್ನ ಒಂದೂವರೆಗೆ ಒಂದು ಥರ ಇರುತ್ತದೆ, ಸಂಜೆ ಐದಕ್ಕೆ ಬೇರೆಯೇ ಥರ. ಹಾಗಾಗಿ 'ನಂಬರ್ ಒನ್ ಯಾವುದು' ಎಂಬ ಪಟ್ಟಿಗಳನ್ನು ನಂಬಿ ಊರೆಲ್ಲ ಸುತ್ತುವುದರಲ್ಲಿ ಅರ್ಥವಿಲ್ಲ. ಸಿಹಿ ಹೇಗೆ ಆಗುತ್ತದೆ, ಎಲ್ಲಿ ಕೆಡುತ್ತದೆ ಎಂದು ಗೊತ್ತಿದ್ದರೆ ಯಾವ ಹೋಟೆಲಿನಲ್ಲಿ ಕೂತರೂ ಬಟ್ಟಲು ನೋಡಿಯೇ ಹೇಳಬಹುದು.

ಅದು ಆಗುವ ಬಗೆ

ಆರು ಜನಕ್ಕೆ ಲೆಕ್ಕ ಹೀಗೆ: ಹಿಂದಿನ ದಿನದ ಮಿಲ್ಕ್ ಬ್ರೆಡ್ ಎಂಟು ಸ್ಲೈಸು, ಕರಿಯಲು ತುಪ್ಪ 150 ಗ್ರಾಂ, ಗಟ್ಟಿ ಹಾಲು ಒಂದು ಲೀಟರು, ಸಕ್ಕರೆ 200 ಗ್ರಾಂ, ಪಾಕಕ್ಕೆ ನೀರು 150 ಮಿ.ಲೀ., ಸಿಹಿಯಿಲ್ಲದ ಖೋವಾ 100 ಗ್ರಾಂ, ಏಲಕ್ಕಿ ಐದು, ಕೇಸರಿ ಒಂದು ಚಿಟಿಕೆ, ಗೋಡಂಬಿ ಬಾದಾಮಿ ಸೇರಿ ಒಂದು ಹಿಡಿ. ಮನೆಯಲ್ಲಿ ಒಮ್ಮೆ ಈ ಅಳತೆಯಲ್ಲಿ ಮಾಡಿ ತಿಂದರೆ ಹೋಟೆಲಿನಲ್ಲಿ ಹೋಲಿಸಿ ನೋಡಲು ನಾಲಿಗೆಗೆ ಒಂದು ಆಧಾರ ಸಿಗುತ್ತದೆ.

ಬ್ರೆಡ್ಡನ್ನು ಕರಿಯುವುದೇ ಅರ್ಧ ಕೆಲಸ. ಅಂಚು ತೆಗೆಯದೆ, ಸ್ಲೈಸನ್ನು ಮೂಲೆಯಿಂದ ಮೂಲೆಗೆ ಎರಡಾಗಿ ಕತ್ತರಿಸಿ, ಸಣ್ಣ ಉರಿಯಲ್ಲಿ ಒಂದೊಂದು ಬದಿಯನ್ನು ಮೂರು ನಿಮಿಷದಷ್ಟು ಹೊತ್ತು ತುಪ್ಪದಲ್ಲಿ ಬೇಯಿಸಬೇಕು. ಹೊರಗೆ ಬಣ್ಣ ಬಂದರೆ ಸಾಲದು, ಮಧ್ಯದ ತಿರುಳೂ ಒಣಗಬೇಕು. ತಣ್ಣಗಾದ ತುಂಡನ್ನು ಮುರಿದರೆ ಟಕ್ ಎಂದು ಸದ್ದಾಗಬೇಕು. ಉರಿ ಜೋರಾದರೆ ಒಂದೇ ನಿಮಿಷದಲ್ಲಿ ಹೊರಗೆ ಕೆಂಪಾಗಿ ಬಿಡುತ್ತದೆ, ಒಳಗೆ ಹಸಿ ಬ್ರೆಡ್ಡು ಹಾಗೇ ಉಳಿಯುತ್ತದೆ. ಆ ಹಸಿ ಭಾಗವೇ ಪಾಕ ತಾಗಿದ ಕೂಡಲೇ ಅಂಟಂಟಾಗುವುದು. ತಾಜಾ ಬ್ರೆಡ್ಡಿನಲ್ಲಿ ತೇವ ಜಾಸ್ತಿ, ಅದು ಒಣಗುವಷ್ಟರಲ್ಲಿ ಹೊರಗೆ ಕಪ್ಪಾಗುತ್ತದೆ. ಹಿಂದಿನ ದಿನದ್ದು ಬೇಕು ಎನ್ನುವುದು ಅದಕ್ಕೇ.

ಪಾಕ ಒಂದೆಳೆಗೆ ಬರಬಾರದು. ಸಕ್ಕರೆ ಕರಗಿ, ಕುದಿ ಬಂದ ಮೇಲೆ ನಾಲ್ಕೈದು ನಿಮಿಷ ಬಿಟ್ಟು, ಬೆರಳಿಗೆ ಅಂಟುವ ಹದದಲ್ಲಿ ಇಳಿಸಬೇಕು. ಎಳೆ ಬಂದ ಪಾಕ ಆರಿದ ಮೇಲೆ ಮತ್ತೆ ಹರಳುಗಟ್ಟಿ, ಹಲ್ಲಿಗೆ ಮರಳಿನ ಹಾಗೆ ಸಿಗುತ್ತದೆ. ಇನ್ನೊಂದು ಒಲೆಯಲ್ಲಿ ಹಾಲು ಅರ್ಧಕ್ಕೆ ಇಳಿದಿರಬೇಕು. ಖೋವಾವನ್ನು ಅದಕ್ಕೇ ಉದುರಿಸಿ, ಕೈಬಿಡದೆ ತಿರುಗಿಸಿ, ಗಂಟಿಲ್ಲದ ಹಾಗೆ ಮಾಡಿಕೊಳ್ಳಬೇಕು.

ಜೋಡಿಸುವ ಪಾತ್ರೆ ಅಗಲವಾಗಿ, ತಗ್ಗಾಗಿ ಇರಬೇಕು. ಮದುವೆ ಅಡುಗೆಯವರು ಇದಕ್ಕೆ ಲಗನ್ ಎಂಬ ತಾಮ್ರದ ಪಾತ್ರೆ ಇಡುತ್ತಾರೆ. ಕರಿದ ಬ್ರೆಡ್ಡನ್ನು ಒಂದರ ಮೇಲೊಂದು ಸ್ವಲ್ಪ ಏರುವಂತೆ ಹಾಸಿ, ಮೊದಲು ಬೆಚ್ಚಗಿನ ಪಾಕ, ಐದು ನಿಮಿಷ ಬಿಟ್ಟು ಕೇಸರಿ ಬೆರೆಸಿದ ಹಾಲು. ಈ ಕ್ರಮ ತಿರುಗಿಸಿದರೆ ಬ್ರೆಡ್ಡು ಹಾಲು ಕುಡಿದು ಊದಿ ಕೂತಿರುತ್ತದೆ, ಆಮೇಲೆ ಹಾಕಿದ ಪಾಕ ಒಳಗೆ ಹೋಗದೆ ತಳದಲ್ಲಿ ನಿಲ್ಲುತ್ತದೆ. ಮೇಲಿನ ಚಮಚ ಸಪ್ಪೆ, ಕೆಳಗಿನ ಚಮಚ ಸಕ್ಕರೆ ನೀರು. ಕೊನೆಗೆ ಮುಚ್ಚಳ ಹಾಕಿ ಬಹಳ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ದಮ್. ಇಳಿಸಿದ ಮೇಲೆ ಇಪ್ಪತ್ತು ನಿಮಿಷ ಮುಟ್ಟಬಾರದು. ತುಂಡುಗಳು ಪೂರ್ತಿ ಕರಗದೆ, ಬಿಡಿಬಿಡಿಯಾಗಿಯೂ ನಿಲ್ಲದೆ ಒಂದಕ್ಕೊಂದು ಹತ್ತಿಕೊಳ್ಳುವುದು ಆ ಹೊತ್ತಿನಲ್ಲಿ.

ಇದಕ್ಕೂ ಶಾಹಿ ತುಕಡಾಕ್ಕೂ ಹಲವು ಹೋಟೆಲುಗಳೇ ವ್ಯತ್ಯಾಸ ಮಾಡುವುದಿಲ್ಲ. ತುಕಡಾದಲ್ಲಿ ಬ್ರೆಡ್ಡು ತುಂಡು ತುಂಡಾಗಿಯೇ ತಟ್ಟೆಗೆ ಬರುತ್ತದೆ, ಬತ್ತಿಸಿದ ಹಾಲಿನ ರಬಡಿ ಮೇಲಿರುತ್ತದೆ. ಕರಿದದ್ದನ್ನು ಆರ್ಡರು ಬಂದಾಗ ಜೋಡಿಸಿ ಕೊಟ್ಟರೂ ನಡೆಯುತ್ತದೆ. ಮೀಠಾ ಹಾಗಲ್ಲ, ಮೊದಲೇ ಕೂಡಿಕೊಂಡು ಹದಕ್ಕೆ ಬಂದಿರಬೇಕು. ನೀವು ಡಬಲ್ ಕಾ ಮೀಠಾ ಕೇಳಿದಾಗ ಎರಡು ತ್ರಿಕೋನದ ಮೇಲೆ ಹಾಲು ಸುರಿದು ತಂದರೆ ಅದು ಕೆಟ್ಟದ್ದೇನಲ್ಲ, ಕೇಳಿದ್ದು ಅದಲ್ಲ ಅಷ್ಟೆ.

ಎಲ್ಲಿಂದ ಶುರು ಮಾಡಬೇಕು

ಕರ್ನಾಟಕದಿಂದ ಬಸ್ಸಿನಲ್ಲಿ ಹೋದವರು ಸಾಮಾನ್ಯವಾಗಿ ಇಳಿಯುವುದು ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ. ಅಲ್ಲಿಂದ ಮೂಸಿ ನದಿ ದಾಟಿದರೆ ನಯಾಪುಲ್, ಮದೀನಾ ಸರ್ಕಲ್ಲು. ಆಟೋದಲ್ಲಿ ಸುಮಾರು ಎರಡು ಕಿಲೋಮೀಟರು. ಚಾರ್‌ಮಿನಾರಿಗೆ ಹೋಗುವ ದಾರಿಯೂ ಅದೇ. ಶಾದಾಬ್, ನಯಾಬ್ ಎಂಬ ಎರಡು ಹೋಟೆಲುಗಳೂ ಇದೇ ಕಡೆ ಇವೆ. ಇಂಥ ಕಡೆ ಜನ ಮುಗಿಬೀಳುವುದರಿಂದ ಟ್ರೇ ಬೇಗ ಖಾಲಿಯಾಗುತ್ತದೆ, ಹಳೆಯದು ಉಳಿಯುವ ಭಯ ಕಡಿಮೆ. ಚಾರ್‌ಮಿನಾರಿನಿಂದ ಇನ್ನೂ ಮುಂದಕ್ಕೆ ಶಾಲಿಬಂಡಾದಲ್ಲಿ ಶಾಹ್ ಗೌಸ್ ಇದೆ.

ಮೈಸೂರು ಅಥವಾ ಬೆಂಗಳೂರಿನ ರೈಲಿನಲ್ಲಿ ಕಾಚಿಗುಡದಲ್ಲಿ ಇಳಿದವರಿಗೆ ಹೈದರ್‌ಗುಡದ ಕೆಫೆ ಬಹಾರ್ ಹತ್ತಿರ. ಮೆಟ್ರೋದಲ್ಲೇ ಓಡಾಡುವವರು ಆರ್‌ಟಿಸಿ ಕ್ರಾಸ್ ರೋಡ್ಸ್ ನಿಲ್ದಾಣದಲ್ಲಿ ಇಳಿದರೆ ಬಾವರ್ಚಿ, ಪ್ಯಾರಡೈಸ್ ನಿಲ್ದಾಣದಲ್ಲಿ ಇಳಿದರೆ ಸಿಕಂದರಾಬಾದಿನ ಅದೇ ಹೆಸರಿನ ಹೋಟೆಲು. 1953ರಲ್ಲಿ ಒಂದು ಸಿನಿಮಾ ಟಾಕೀಸಿನ ಕ್ಯಾಂಟೀನಾಗಿ ಶುರುವಾದ ಪ್ಯಾರಡೈಸ್‌ಗೆ ಈಗ ಬೆಂಗಳೂರಿನಲ್ಲೂ ಶಾಖೆಗಳಿವೆ. ಇವೆಲ್ಲ ಹುಡುಕಾಟ ಶುರು ಮಾಡಲು ಅನುಕೂಲವಾದ ಜಾಗಗಳು. ಇಲ್ಲಿ ಯಾವಾಗ ಹೋದರೂ ಚೆನ್ನಾಗಿರುತ್ತದೆ ಎಂಬ ಗ್ಯಾರಂಟಿ ಮಾತ್ರ ಯಾರೂ ಕೊಡಲಾರರು.

ಸ್ಟಾರ್ ಹೋಟೆಲುಗಳ ಹೈದರಾಬಾದಿ ಊಟದಲ್ಲಿ ತುಪ್ಪ, ಕೇಸರಿ ಅಸಲಿಯಾಗಿರುವ ಸಾಧ್ಯತೆ ಹೆಚ್ಚು. ಆದರೆ ಅಲ್ಲಿ ಅಂದಕ್ಕೆಂದು ಸಣ್ಣ ಅಚ್ಚಿನಲ್ಲಿ ಒತ್ತಿ, ಬೆಳ್ಳಿ ವರ್ಖು ಅಂಟಿಸಿ ಕೊಡುವುದುಂಟು. ಲಗನ್ನಿನ ಅಂಚಿನಲ್ಲಿ ಕೆನೆ ಕೆಂಪಾಗಿ ಹತ್ತಿಕೊಂಡ ಭಾಗ ಅಚ್ಚಿನಲ್ಲಿ ಬರುವುದಿಲ್ಲ. ದುಡ್ಡು ನಾಲ್ಕು ಪಟ್ಟು ಕೊಟ್ಟರೂ ಅದೊಂದು ಸಿಗದು.

ಇಷ್ಟೆಲ್ಲ ಹೇಳಿದ ಮೇಲೂ, ನಿಜವಾಗಿ ಒಳ್ಳೆಯ ಮೀಠಾ ಇರುವುದು ಮದುವೆ ಊಟದಲ್ಲಿ. ಮುನ್ನೂರು ಜನಕ್ಕೆ ಒಂದೇ ಸಲ ಮಾಡಿ, ಒಂದೇ ಸಲ ಬಡಿಸುತ್ತಾರೆ, ಕಾಯಿಸಿ ಕಾಯಿಸಿ ಇಡುವ ಪ್ರಶ್ನೆಯೇ ಇಲ್ಲ. ಬೀದರ, ಕಲಬುರಗಿ, ರಾಯಚೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1948ರವರೆಗೂ ನಿಜಾಮರ ಸೀಮೆಯಾಗಿದ್ದ ಆ ಜಿಲ್ಲೆಗಳ ಮುಸ್ಲಿಂ ಮದುವೆಗಳಲ್ಲಿ ಬಿರಿಯಾನಿಯ ಜೊತೆ ಈ ಸಿಹಿಯೂ ನಡೆದು ಬಂದಿದೆ. ಹೈದರಾಬಾದಿನ ಸ್ನೇಹಿತರು ಶಾದಿಗೆ ಕರೆದರೆ ನೆಪ ಹೇಳಬೇಡಿ.

ಹೊತ್ತು ನೋಡಿ ಹೋಗಿ

ಮಧ್ಯಾಹ್ನ ಒಂದರಿಂದ ಎರಡೂವರೆ, ರಾತ್ರಿ ಎಂಟರಿಂದ ಒಂಬತ್ತೂವರೆ. ಈ ಎರಡು ಹೊತ್ತಿನಲ್ಲಿ ಊಟದ ಗಿರಾಕಿ ಹೆಚ್ಚು, ಮೀಠಾ ಟ್ರೇ ಖಾಲಿಯಾಗಿ ಹೊಸದು ಬರುತ್ತದೆ. ಸಂಜೆ ನಾಲ್ಕರಿಂದ ಆರು ಬೇಡವೇ ಬೇಡ. ಆಗ ಸಿಗುವುದು ಮಧ್ಯಾಹ್ನ ಉಳಿದದ್ದು. ಶುಕ್ರವಾರ ಮಧ್ಯಾಹ್ನ ನಮಾಜು ಬಿಟ್ಟ ಮೇಲೆ ಮತ್ತು ಭಾನುವಾರ ಹಳೇ ಶಹರದಲ್ಲಿ ಕೂರಲು ಜಾಗ ಸಿಗುವುದು ಕಷ್ಟ, ಆದರೆ ಸಿಹಿ ತಾಜಾ ಇರುತ್ತದೆ. ರಂಜಾನ್ ತಿಂಗಳಲ್ಲಿ ಲೆಕ್ಕ ಪೂರ್ತಿ ತಿರುಗುತ್ತದೆ. ಹಗಲು ಅನೇಕ ಹೋಟೆಲು ಮುಚ್ಚಿರುತ್ತವೆ, ಇಫ್ತಾರ್ ಆದ ಮೇಲೆ ನಡುರಾತ್ರಿ ದಾಟುವವರೆಗೂ ವ್ಯಾಪಾರ. ಆ ದಿನಗಳಲ್ಲಿ ರಾತ್ರಿ ಹತ್ತರ ನಂತರ ಹೋದರೆ ಹಲೀಮಿನ ಗಲಾಟೆ ಸ್ವಲ್ಪ ತಗ್ಗಿ, ಸಪ್ಲೈಯರಿಗೆ ನಿಮ್ಮ ಮಾತು ಕೇಳುವಷ್ಟು ಪುರುಸೊತ್ತಿರುತ್ತದೆ.

ಆರ್ಡರಿಗೆ ಮುಂಚೆ ಮೂರು ಮಾತು

ಬಿರಿಯಾನಿ ಹೇಳುವಾಗಲೇ ಮೀಠಾದ ಬಗ್ಗೆಯೂ ಕೇಳಿಬಿಡಿ, ಕೊನೆಗೆ ಅಲ್ಲ. ಮೊದಲ ಪ್ರಶ್ನೆ: 'ಭಾಯ್, ಮೀಠಾ ಗರಮ್ ಹೈ ಯಾ ಫ್ರಿಜ್ ಕಾ?' ಬೆಚ್ಚಗಿದೆ ಅಂದರೆ ಒಳ್ಳೆಯ ಲಕ್ಷಣ. ಫ್ರಿಜ್ಜಿನದು ಅಂದರೆ ಇನ್ನೊಂದು ಕೇಳಿ: ಆವತ್ತು ಬೆಳಗ್ಗೆ ಮಾಡಿದ್ದೋ, ಹಿಂದಿನ ದಿನದ್ದೋ. ಇದಕ್ಕೆ ನೇರ ಉತ್ತರ ಬರದಿದ್ದರೆ ಅದೇ ಉತ್ತರ.

ಎರಡನೆಯದು, ಎಣ್ಣೆಯೋ ತುಪ್ಪವೋ ಡಾಲ್ಡಾವೋ. 'ಪೂರಾ ಅಸ್ಲಿ ಘೀ' ಎಂದು ಎಲ್ಲರೂ ಹೇಳುತ್ತಾರೆ, ಹಾಗಾಗಿ ಈ ಪ್ರಶ್ನೆಯಿಂದ ದೊಡ್ಡ ಉಪಯೋಗವಿಲ್ಲ. ಸತ್ಯ ಬಟ್ಟಲಿನಲ್ಲಿ ಗೊತ್ತಾಗುತ್ತದೆ. ಕೇಳಬೇಕಾದದ್ದು ಸಸ್ಯಾಹಾರಿಗಳು. ಮೀಠಾಕ್ಕೆ ಮೊಟ್ಟೆ ಹಾಕುವ ಪದ್ಧತಿ ಇಲ್ಲ, ಅದರ ಮಟ್ಟಿಗೆ ಚಿಂತೆ ಬೇಡ. ಆದರೆ ಮಾಂಸದ ಅಡುಗೆಮನೆಯಲ್ಲಿ ಕಬಾಬು, ಚಿಕನ್ ಕರಿದ ಎಣ್ಣೆಯಲ್ಲೇ ಬ್ರೆಡ್ಡು ಬಿದ್ದಿರಬಹುದು. 'ಬ್ರೆಡ್ ಅಲಗ್ ಕಢಾಯಿ ಮೇ ತಲ್ತೇ ಕ್ಯಾ?' (ಬ್ರೆಡ್ಡನ್ನು ಬೇರೆ ಬಾಣಲೆಯಲ್ಲಿ ಕರಿಯುತ್ತೀರಾ?) ಎಂದು ಸ್ಪಷ್ಟವಾಗಿ ಕೇಳಿ. ಅನುಮಾನವಿದ್ದರೆ ಸಸ್ಯಾಹಾರಿ ಹೋಟೆಲಿನ ಅಥವಾ ಮಿಠಾಯಿ ಅಂಗಡಿಯ ಮೀಠಾ ತಿನ್ನಿ, ರುಚಿ ಒಂದು ಕೈ ಕಡಿಮೆಯಾದರೂ ಮನಸ್ಸಿಗೆ ಸಮಾಧಾನ.

ಮೂರನೆಯದು ಪ್ರಶ್ನೆಯಲ್ಲ, ಕೋರಿಕೆ: 'ಕಿನಾರೇ ಕಾ ದೇವ್', ಅಂದರೆ ಅಂಚಿನದು ಕೊಡಿ. ಟ್ರೇಯ ಅಂಚಿನಲ್ಲಿ ಹಾಲು ಬತ್ತಿ ಕೆನೆ ಕೆಂಪಗೆ ಹತ್ತಿಕೊಂಡಿರುತ್ತದೆ, ಬ್ರೆಡ್ಡು ಸ್ವಲ್ಪ ಅಗಿಯಲು ಸಿಗುತ್ತದೆ. ನಡುವಿನದು ಮೆತ್ತಗೆ, ರಸ ಹೆಚ್ಚು. ಇಬ್ಬರು ಹೋಗಿದ್ದರೆ ಒಂದು ಅಂಚಿನದು, ಒಂದು ನಡುವಿನದು ಹೇಳಿ. ಗದ್ದಲದ ಹೊತ್ತಿನಲ್ಲಿ ಸಪ್ಲೈಯರು 'ನಕ್ಕೊ ಸಾಬ್, ಜೋ ಹೈ ವಹೀ' (ಬೇಡ ಸಾಬ್, ಇರುವುದೇ ಇದು) ಅಂದರೆ ಬೇಸರ ಮಾಡಿಕೊಳ್ಳಬೇಡಿ.

ಬಿರಿಯಾನಿ ಪೂರ್ತಿ ತಿಂದ ಹೊಟ್ಟೆಗೆ ಇದು ಭಾರ. ಇಬ್ಬರಿಗೆ ಒಂದು ಸಿಂಗಲ್ ಬಿರಿಯಾನಿ, ಒಂದು ಮೀಠಾ ಸಾಕು. ಮೊದಲ ಸಲ ತಿನ್ನುವವರು ಪಕ್ಕದಲ್ಲಿ ಖುಬಾನಿ ಕಾ ಮೀಠಾ ಕೂಡ ಹೇಳುವ ಆಸೆಗೆ ಬೀಳುತ್ತಾರೆ. ಒಣ ಜರ್ದಾಳು ಹಣ್ಣಿನ ಆ ಹುಳಿಸಿಹಿಯ ಮುಂದೆ ಹಾಲಿನ ಈ ಸಿಹಿ ಮಂಕಾಗುತ್ತದೆ. ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಬಟ್ಟಲು ಮುಂದೆ ಬಂದಾಗ

ಬಣ್ಣ ನೋಡಿ. ತುಪ್ಪದಲ್ಲಿ ನಿಧಾನವಾಗಿ ಕರಿದ ಬ್ರೆಡ್ಡು ಹಾಲು ಕುಡಿದಾಗ ಕಂದು ಮಿಶ್ರಿತ ಹಳದಿ ಬರುತ್ತದೆ, ಅಲ್ಲಲ್ಲಿ ಗಾಢವಾಗಿ, ಅಲ್ಲಲ್ಲಿ ತಿಳಿಯಾಗಿ. ಎಲ್ಲ ಕಡೆ ಒಂದೇ ಸಮನೆ ಕಿತ್ತಳೆ ಇದ್ದರೆ ಅದು ಪಾಕಕ್ಕೆ ಹಾಕಿದ ಬಣ್ಣ. ಬಣ್ಣ ಹಾಕಿದ ಮಾತ್ರಕ್ಕೆ ಕೆಟ್ಟದ್ದು ಎನ್ನಲಾಗದು, ಹೆಚ್ಚಿನ ಹೋಟೆಲಿನವರು ಹಾಕುತ್ತಾರೆ. ಅದು ಕರಿದದ್ದರ ತಪ್ಪನ್ನು ಮುಚ್ಚುತ್ತದೆ ಎನ್ನುವುದಷ್ಟೇ ತಕರಾರು. ಕೇಸರಿ ಹಾಕಿದ್ದರೆ ಎಳೆಗಳು ಕಣ್ಣಿಗೆ ಕಾಣಬೇಕು, ಅದರ ಸುತ್ತ ಬಣ್ಣ ಹರಡಿರಬೇಕು.

ಚಮಚದ ಅಂಚಿನಿಂದ ಕೊಯ್ಯಿರಿ. ಒತ್ತಿದರೆ ಸ್ವಲ್ಪ ತಡೆದು ಕೊಯ್ಯಬೇಕು, ಕೊಯ್ದ ಜಾಗದಲ್ಲಿ ಪದರ ಕಾಣಬೇಕು: ಕಂದು ಗೆರೆ, ಬಿಳಿ ಕೆನೆ, ಮತ್ತೆ ಕಂದು ಗೆರೆ. ಗೆರೆಯೇ ಇಲ್ಲದೆ ಹಲ್ವಾದ ಹಾಗೆ ಒಂದೇ ಮುದ್ದೆಯಾಗಿದ್ದರೆ ಬ್ರೆಡ್ಡು ಸರಿಯಾಗಿ ಕರಿದಿಲ್ಲ, ಇಲ್ಲವೇ ನಾಲ್ಕು ಸಲ ಬಿಸಿ ಮಾಡಿ ಕಲಕಿದ್ದಾರೆ. ಕೊಯ್ದ ಗುಂಡಿಗೆ ನೀರಿನಂತಹ ರಸ ಬಂದು ತುಂಬಿದರೆ ಹಾಲು ಬತ್ತಿಸದೆ ಸುರಿದದ್ದು. ನಡುವೆ ಬಿಳಿ ತಿರುಳು ಒಣಒಣವಾಗಿ ಸಿಕ್ಕರೆ ಪಾಕ ಒಳಗೆ ಇಳಿದಿಲ್ಲ. ಆರಿದ ಪಾಕವನ್ನು ತಣ್ಣನೆ ಬ್ರೆಡ್ಡಿನ ಮೇಲೆ ಹಾಕಿದಾಗ ಹೀಗಾಗುತ್ತದೆ.

ಈಗ ಬಾಯಿಗೆ. ತುಪ್ಪ ನಾಲಿಗೆಯ ಬಿಸಿಗೇ ಕರಗಿ ಹೋಗುತ್ತದೆ. ಡಾಲ್ಡಾ ಹೋಗುವುದಿಲ್ಲ: ನುಂಗಿದ ಮೇಲೂ ಅಂಗುಳಕ್ಕೆ ಮೇಣ ಬಳಿದಂತೆ ಅಂಟಿಕೊಂಡಿರುತ್ತದೆ, ಬಿಸಿ ಚಹಾ ಕುಡಿಯುವವರೆಗೆ ಬಿಡದು. ಹಳೆಯ ಕರಿದ ಎಣ್ಣೆಯಾದರೆ ಏಲಕ್ಕಿಯ ಪರಿಮಳದ ಹಿಂದೆ ಒಂದು ಕಮಟು ಬರುತ್ತದೆ. ಏಲಕ್ಕಿ ವಿಪರೀತ ಜೋರಾಗಿದ್ದಾಗ ಆ ಕಮಟನ್ನು ಹುಡುಕಿ ನೋಡಿ, ಅನೇಕ ಸಲ ಸಿಗುತ್ತದೆ. ಸಿಹಿಯ ಬಗ್ಗೆ ಹೇಳಬೇಕೆಂದರೆ, ಇದು ಸಿಹಿಯಾಗಿಯೇ ಇರುವ ತಿಂಡಿ, ಕಡಿಮೆ ಸಿಹಿ ಬೇಕೆಂದವರಿಗೆ ಮಾಡಿದ್ದಲ್ಲ. ಆದರೆ ಖೋವಾ, ಹಾಲು ಸರಿಯಾಗಿದ್ದರೆ ಮೂರನೆಯ ಚಮಚಕ್ಕೂ ಗಂಟಲು ಕಟ್ಟುವುದಿಲ್ಲ. ಮೊದಲ ಚಮಚಕ್ಕೇ ಕಟ್ಟಿದರೆ ಹಾಲಿನ ಖರ್ಚು ಉಳಿಸಿ ಸಕ್ಕರೆಯಲ್ಲಿ ತೂಕ ತುಂಬಿದ್ದಾರೆ ಎಂದೇ ಅರ್ಥ. ಹುಳಿ ವಾಸನೆ ಕಿಂಚಿತ್ತು ಬಂದರೂ ಬಿಟ್ಟುಬಿಡಿ, ಖೋವಾ ಕೆಟ್ಟಿದ್ದರೆ ಹೊಟ್ಟೆ ಸುಮ್ಮನಿರದು.

ತಣ್ಣಗೆ ಬಂದರೆ ತೀರ್ಪು ಕೊಡುವ ಮುಂಚೆ ಬಿಸಿ ಮಾಡಿಸಿ. ತಂಪಿಗೆ ತುಪ್ಪ ಗಟ್ಟಿಯಾಗಿ, ಒಳ್ಳೆಯ ಮೀಠಾವೂ ಡಾಲ್ಡಾದಂತೆ ಕಾಣುತ್ತದೆ.

ಬೇಯಿಸಿದ ಬ್ರೆಡ್ ಪುಡಿಂಗ್ ಬೇಕಾದವರಿಗೆ

ಇಂಗ್ಲಿಷ್ ಬಗೆಯ, ಓವನ್ನಿನಲ್ಲಿ ಕಸ್ಟರ್ಡಿನೊಂದಿಗೆ ಬೇಯಿಸಿದ ಪುಡಿಂಗು ಹೈದರಾಬಾದಿನ ಬೇಕರಿಗಳಲ್ಲಿ, ಹೋಟೆಲುಗಳ ಬಫೆಯಲ್ಲಿ ಸಿಗುತ್ತದೆ. ಅದರ ಹದ ಬೇರೆ: 250 ಗ್ರಾಂ ಬ್ರೆಡ್ಡಿಗೆ ಅರ್ಧ ಲೀಟರು ಹಾಲು, ನಾಲ್ಕು ಮೊಟ್ಟೆ. ಮೊಟ್ಟೆ ಬೇಡದವರು ಕೇಳದೆ ತಿನ್ನಬಾರದು. ಮೊಟ್ಟೆ ಇಲ್ಲದ್ದೆಂದು ಕೊಡುವುದು ಸಾಮಾನ್ಯವಾಗಿ ಕಸ್ಟರ್ಡ್ ಪೌಡರಿನಲ್ಲಿ ಮಾಡಿದ್ದು. ಬಫೆಯಲ್ಲಿ ಇದನ್ನು ಬಿಸಿನೀರಿನ ಟ್ರೇ ಮೇಲೆ ಇಡುತ್ತಾರೆ, ಅಲ್ಲಿ ಅದು ಬೇಯುತ್ತಲೇ ಇರುತ್ತದೆ. ಮುಕ್ಕಾಲು ಗಂಟೆ ಕಳೆದರೆ ಮೊಟ್ಟೆ ಬಿಗಿದು ನೀರು ಬಿಡುತ್ತದೆ, ತೂತು ತೂತಾಗುತ್ತದೆ. ಟ್ರೇ ಬದಲಾಯಿಸುವಾಗ ಕಣ್ಣಿಟ್ಟು ಎದ್ದು ಹೋಗಿ, ನಡುವಿನ ಭಾಗ ಹಾಕಿಸಿಕೊಳ್ಳಿ. ಅಲುಗಿಸಿದರೆ ಸ್ವಲ್ಪ ನಡುಗಬೇಕು.

ಪಾರ್ಸಲ್

ಊರಿಗೆ ಒಯ್ಯುವ ಆಸೆ ಎಲ್ಲರಿಗೂ ಇರುತ್ತದೆ. ಹಾಲು, ಖೋವಾ ಇರುವುದರಿಂದ ಹೊರಗಿನ ಶಾಖದಲ್ಲಿ ಎರಡು ತಾಸಿನ ಮೇಲೆ ಇಡಬಾರದು, ಬೇಸಿಗೆಯಲ್ಲಿ ಅಷ್ಟೂ ಬೇಡ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ಯುವವರು ಐಸ್ ಪ್ಯಾಕ್ ಹಾಕಿದ ಡಬ್ಬಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಒಯ್ಯುವುದಾದರೆ ಮಧ್ಯಾಹ್ನವೇ ಕಟ್ಟಿಸಿ, ಉಳಿದುಕೊಂಡ ಕಡೆಯ ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿಸಿ, ಹೊರಡುವಾಗ ಡಬ್ಬಿಗೆ ಹಾಕಿ. ಬಿಸಿಯಾಗಿರುವಾಗಲೇ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಹಾಕಿದರೆ ಒಳಗೆ ಬೆವರಿ, ನೀರು ಮೇಲೆ ತೊಟ್ಟಿಕ್ಕಿ ಮೇಲ್ಪದರ ಹಾಳಾಗುತ್ತದೆ. ಕಿಲೋ ಲೆಕ್ಕದಲ್ಲಿ ಕೊಳ್ಳುವಾಗ ತಳದ ರಸವನ್ನೇ ಸೌಟಿನಿಂದ ತುಂಬಿಸುತ್ತಿದ್ದರೆ ಬೇಡವೆನ್ನಿ, ತುಂಡನ್ನು ಸಟ್ಟುಗದಿಂದ ಅಡಿಯಿಂದ ಎತ್ತಿ ಹಾಕಿಸಿಕೊಳ್ಳಿ.

ಮನೆಯ ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ. ಮತ್ತೆ ಬಿಸಿ ಮಾಡುವಾಗ ದಪ್ಪ ತಳದ ಬಾಣಲೆಯಲ್ಲಿ ಎರಡು ಚಮಚ ಹಾಲು ಹಾಕಿ, ಮೇಲೆ ಮೀಠಾ ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ. ನಡುವೆ ಕಲಕಬೇಡಿ, ಕಲಕಿದರೆ ಪದರವೆಲ್ಲ ಹೋಗಿ ಮುದ್ದೆಯಾಗುತ್ತದೆ. ಮೈಕ್ರೋವೇವ್ ಆದರೆ ಅರ್ಧ ಪವರಿನಲ್ಲಿ ಒಂದು ಬಟ್ಟಲಿಗೆ ನಲವತ್ತು ಸೆಕೆಂಡು ಇಟ್ಟು, ಮುಟ್ಟಿ ನೋಡಿ, ಬೇಕಿದ್ದರೆ ಇನ್ನು ಇಪ್ಪತ್ತು. ಫುಲ್ ಪವರಿಗೆ ಇಟ್ಟರೆ ಅಂಚು ತೊಗಲಿನಂತೆ ಗಟ್ಟಿಯಾಗಿ, ನಡು ತಣ್ಣಗೇ ಉಳಿಯುತ್ತದೆ. ಬಿಸಿ ಮಾಡಿದ್ದು ಮಿಕ್ಕರೆ ಮತ್ತೆ ಫ್ರಿಜ್ಜಿಗೆ ಇಡಬೇಡಿ. ಎಷ್ಟು ತಿನ್ನುತ್ತೀರೋ ಅಷ್ಟನ್ನೇ ಬಾಣಲೆಗೆ ಹಾಕಿ.